ಅರ್ಜಿ ಎಲ್ಲಿ ಸೋರುತ್ತಿದೆ? ಬೆಂಗಳೂರಿನಲ್ಲಿ ಕೆಲಸ ಹುಡುಕುವವರಿಗೊಂದು ಕೈಪಿಡಿ

"ಮೂರು ತಿಂಗಳಿಂದ ಹುಡುಕುತ್ತಿದ್ದೇನೆ, ಏನೂ ಆಗುತ್ತಿಲ್ಲ" ಎನ್ನುವವರನ್ನು, ಏನೂ ಆಗುತ್ತಿಲ್ಲ ಅಂದರೆ ಏನು ಎಂದು ಕೇಳಿ ನೋಡಿ. ಒಬ್ಬರಿಗೆ ಫೋನೇ ಬಂದಿರುವುದಿಲ್ಲ. ಇನ್ನೊಬ್ಬರಿಗೆ ವಾರಕ್ಕೆ ನಾಲ್ಕು ಫೋನ್ ಬರುತ್ತವೆ, ಐದು ನಿಮಿಷ ಮಾತಾಡಿ "ತಿಳಿಸ್ತೀವಿ" ಎಂದವರು ಮತ್ತೆ ಸುಳಿಯುವುದಿಲ್ಲ. ಮತ್ತೊಬ್ಬರು ಪ್ರತಿ ಸಲವೂ ಎರಡನೇ ಸುತ್ತಿನಲ್ಲಿ ಬೀಳುತ್ತಾರೆ. ಆಫರ್ ಲೆಟರ್ ಕೈಗೆ ಬಂದಮೇಲೆ ದಾಖಲೆ ಪರಿಶೀಲನೆಯಲ್ಲಿ ಕಳೆದುಕೊಂಡವರೂ ಇದ್ದಾರೆ. ನಾಲ್ವರ ಕಾಯಿಲೆ ಬೇರೆ ಬೇರೆ. ಆದರೆ ನಾಲ್ವರೂ ಮಾಡುವ ಮದ್ದು ಒಂದೇ: ಇನ್ನೂ ಐವತ್ತು ಕಡೆ ಅಪ್ಲೈ ಒತ್ತುವುದು. ಕೊಡದ ತೂತು ಎಲ್ಲಿದೆ ಎಂದು ನೋಡದೆ ನೀರು ಹೊಯ್ಯುವ ಕೆಲಸ ಇದು.

ಹಾಗಾಗಿ ಮೊದಲು ತೂತು ಹುಡುಕೋಣ.

ಮೊದಲ ಕೆಲಸ: ಒಂದು ಲೆಕ್ಕದ ಹಾಳೆ

ಗೂಗಲ್ ಶೀಟ್ ಆದರೂ ಸರಿ, ನೂರು ಪುಟದ ನೋಟ್‌ಬುಕ್ ಆದರೂ ಸರಿ. ಎಂಟು ಕಾಲಂ ಸಾಕು: ಅರ್ಜಿ ಹಾಕಿದ ದಿನ, ಕಂಪನಿ, ಹುದ್ದೆ, ಯಾವ ಮೂಲಕ (ನೌಕ್ರಿ, ಲಿಂಕ್ಡ್‌ಇನ್, ಪರಿಚಯದವರು, ಕೆಲಸ ಕೊಡಿಸುವ ಕನ್ಸಲ್ಟೆನ್ಸಿ), ಕಳಿಸಿದ ರೆಸ್ಯೂಮೆ ಯಾವುದು, ಮಾತಾಡಿದವರ ಹೆಸರು ಮತ್ತು ನಂಬರ್, ಈಗಿನ ಸ್ಥಿತಿ, ಮುಂದೆ ವಿಚಾರಿಸಬೇಕಾದ ದಿನ. ಹುದ್ದೆಯ ವಿವರವನ್ನು ಅವತ್ತೇ ಕಾಪಿ ಮಾಡಿ ಬೇರೆ ಕಡೆ ಇಟ್ಟುಕೊಳ್ಳಿ. ಇಂಟರ್‌ವ್ಯೂಗೆ ಕರೆ ಬರುವ ಹೊತ್ತಿಗೆ ಎಷ್ಟೋ ಸಲ ಆ ಜಾಹೀರಾತನ್ನೇ ತೆಗೆದಿರುತ್ತಾರೆ. ಆಮೇಲೆ ಅವರು ಏನು ಕೇಳಿದ್ದರು ಎಂದು ನೆನಪಿಸಿಕೊಳ್ಳಲು ದಾರಿಯಿರುವುದಿಲ್ಲ.

ನಲವತ್ತು ಅರ್ಜಿಗಳಾದ ಮೇಲೆ ಹಾಳೆಯನ್ನು ಓದಿ. ಎರಡು ಫೋನ್ ಕೂಡ ಬಂದಿಲ್ಲವೆಂದರೆ ತೊಂದರೆ ರೆಸ್ಯೂಮೆಯಲ್ಲೋ, ನಿಮಗೆ ಹೊಂದದ ಹುದ್ದೆಗಳಿಗೆ ಹಾಕುತ್ತಿರುವುದರಲ್ಲೋ ಇದೆ. ಫೋನ್ ಬರುತ್ತವೆ, ಇಂಟರ್‌ವ್ಯೂ ನಿಗದಿಯಾಗುವುದಿಲ್ಲ ಎಂದರೆ ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟಮೇಲೂ ದುಡಿಯಬೇಕಾದ ಅವಧಿ), ಸಂಬಳದ ನಿರೀಕ್ಷೆ, ಜಾಗದ ದೂರ, ಈ ಮೂರರಲ್ಲಿ ಒಂದು. ಇಂಟರ್‌ವ್ಯೂ ಆಗಿ ಬೀಳುತ್ತಿದ್ದರೆ ಯಾವ ಪ್ರಶ್ನೆಗೆ ತಡವರಿಸಿದಿರಿ ಎಂದು ಹೊರಗೆ ಬಂದ ಹತ್ತು ನಿಮಿಷದೊಳಗೆ ಬರೆದಿಡಿ. ಮನೆ ಮುಟ್ಟುವಷ್ಟರಲ್ಲಿ ಅರ್ಧ ಮರೆತಿರುತ್ತದೆ, ಉಳಿದರ್ಧಕ್ಕೆ ಸಮಾಧಾನ ಹುಡುಕಿಕೊಂಡಿರುತ್ತೀರಿ.

ಹೆಸರು ಸರಿಮಾಡಿಕೊಳ್ಳಿ, ರೆಸ್ಯೂಮೆಗೂ ಮೊದಲು

ಇದು ನಮ್ಮ ಕಡೆಯವರನ್ನೇ ಹೆಚ್ಚು ಕಾಡುವ ತೊಂದರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಬಿ.ಆರ್." ಪ್ಯಾನ್ ಕಾರ್ಡಿಗೆ ಇನಿಷಿಯಲ್ ನಡೆಯುವುದಿಲ್ಲವಾದ್ದರಿಂದ ಅಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಬಿಡಿಸಿಕೊಂಡು ಕೂತಿರುತ್ತವೆ. ಆಧಾರ್‌ನಲ್ಲಿ ಬರೀ "ಮಂಜುನಾಥ್". ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ "ಎ" ಒಂದರಲ್ಲಿದೆ, ಒಂದರಲ್ಲಿಲ್ಲ. ನಮಗೆ ಇವೆಲ್ಲ ಒಬ್ಬನೇ ಮನುಷ್ಯ. ಪಿಎಫ್ ಕಚೇರಿಯ ಕಂಪ್ಯೂಟರಿಗೆ ಮೂವರು.

ಕೆಲಸ ಸಿಕ್ಕಮೇಲೆ ಇದು ಬಯಲಾದರೆ ಯುಎಎನ್ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ಆಧಾರ್‌ಗೆ ಜೋಡಣೆಯಾಗದು, ಹಿನ್ನೆಲೆ ಪರಿಶೀಲನೆಯವರು ಪ್ರಶ್ನೆ ಹಾಕುತ್ತಾರೆ, ಸೇರುವ ದಿನ ಮುಂದೆ ಹೋಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಬುನಾದಿಯಾಗಿ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹತ್ತಿರ ತನ್ನಿ. ಆಧಾರ್ ತಿದ್ದುಪಡಿಯೇ ಎಲ್ಲಕ್ಕಿಂತ ಸುಲಭ, ಅದರಿಂದ ಶುರುಮಾಡಿ. ಆಧಾರ್‌ನಲ್ಲಿ ಹೆಸರನ್ನು ಎರಡೇ ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಬಿಡುತ್ತಾರೆ ಎನ್ನುವುದು ನೆನಪಿರಲಿ. ಅವಸರದಲ್ಲಿ ಒಂದು ಅವಕಾಶ ಕಳೆದುಕೊಳ್ಳಬೇಡಿ. ಆನ್‌ಲೈನ್ ಫಾರಂನಲ್ಲಿ "ಲಾಸ್ಟ್ ನೇಮ್" ಕಡ್ಡಾಯವಾಗಿದ್ದರೆ ಎಲ್ಲ ಕಡೆಯೂ ಒಂದೇ ರೀತಿ ತುಂಬಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಹೆಸರು ಮಾಡಬೇಡಿ.

ಜೊತೆಗೆ ಒಂದು ಫೋಲ್ಡರ್ ಮಾಡಿಡಿ: ಎಸ್‌ಎಸ್‌ಎಲ್‌ಸಿ, ಪಿಯುಸಿ, ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಪದವಿ ಪ್ರಮಾಣಪತ್ರ ಅಥವಾ ಪ್ರೊವಿಷನಲ್, ಆಧಾರ್, ಪ್ಯಾನ್, ಕೆಲಸದಲ್ಲಿದ್ದವರಾದರೆ ಹಿಂದಿನ ಎಲ್ಲ ಕಂಪನಿಗಳ ಆಫರ್ ಲೆಟರ್, ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಪೇ ಸ್ಲಿಪ್. ನೆರಳು ಬಿದ್ದ ಫೋಟೊ ಬೇಡ, ಸ್ಕ್ಯಾನ್ ಮಾಡಿದ ಪಿಡಿಎಫ್ ಇರಲಿ. ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವಾಗ ಸುಮ್ಮನೆ ಹತ್ತರಿಂದ ಗುಣಿಸುವ ಚಾಳಿ ಹಲವರಿಗಿದೆ. ನಿಮ್ಮ ವಿಶ್ವವಿದ್ಯಾಲಯ ನಿಮ್ಮ ಸ್ಕೀಮಿಗೆ ಕೊಟ್ಟ ಸೂತ್ರ ಏನಿದೆಯೋ ಅದನ್ನೇ ಬಳಸಿ. ಅರ್ಜಿಯಲ್ಲಿ 71 ಬರೆದು ಅಂಕಪಟ್ಟಿ 64 ಎಂದರೆ ಅದನ್ನು ಲೆಕ್ಕದ ತಪ್ಪು ಅನ್ನುವವರು ಕಡಿಮೆ, ಸುಳ್ಳು ಅನ್ನುವವರೇ ಹೆಚ್ಚು.

ರೆಸ್ಯೂಮೆ: ಒಂದು ಪುಟ, ಒಂದೇ ಕಾಲಂ

ಏಳೆಂಟು ವರ್ಷ ಅನುಭವದವರೆಗೂ ಒಂದು ಪುಟ ಸಾಕು. ಅದಕ್ಕಿಂತ ಹೆಚ್ಚಾದರೆ ಎರಡು. ಎಡಕ್ಕೊಂದು ಬಣ್ಣದ ಪಟ್ಟಿ, ಬಲಕ್ಕೆ ವಿವರ, ಕೌಶಲಕ್ಕೆ ಐದು ಚುಕ್ಕಿಯಲ್ಲಿ ನಾಲ್ಕು ತುಂಬಿದ ಚಿತ್ರ, ಇಂಥ ಅಂದದ ಟೆಂಪ್ಲೇಟ್‌ಗಳು ನೋಡುವುದಕ್ಕೆ ಚೆನ್ನ. ಅದನ್ನು ಮೊದಲು ಓದುವುದು ಸಾಫ್ಟ್‌ವೇರ್, ಅದಕ್ಕೆ ಚಿತ್ರ ಓದಲು ಬರುವುದಿಲ್ಲ. ಎರಡು ಕಾಲಂ ಇದ್ದರೆ ಎಡದ ಸಾಲನ್ನೂ ಬಲದ ಸಾಲನ್ನೂ ಕಲಸಿಬಿಡುವುದುಂಟು. ಪರೀಕ್ಷೆ ಸುಲಭ. ನಿಮ್ಮ ಪಿಡಿಎಫ್ ತೆರೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಅಲ್ಲಿ ಓದಲು ಬಂದರೆ ಸಾಫ್ಟ್‌ವೇರಿಗೂ ಬಹುಮಟ್ಟಿಗೆ ಬರುತ್ತದೆ.

ಅಪ್ಪನ ಹೆಸರು, ಧರ್ಮ, ಮದುವೆ ಆಗಿದೆಯೋ ಇಲ್ಲವೋ, ಫೋಟೊ, "ಮೇಲಿನ ವಿವರಗಳೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ" ಎಂಬ ಕೊನೆಯ ಸಾಲು, ಇವಕ್ಕೆಲ್ಲ ಜಾಗ ಕೊಡಬೇಡಿ. ಕಾಲೇಜಿನ ಹಳೆಯ ಬಯೋಡೇಟಾ ನಮೂನೆಯಿಂದ ಅಂಟಿಕೊಂಡು ಬಂದ ಸಾಮಾನು ಇವು. ಪೂರ್ಣ ವಿಳಾಸವೂ ಬೇಡ. ಬಡಾವಣೆ ಮತ್ತು ಊರು ಸಾಕು. ಊರಿನಲ್ಲೇ ಕೂತು ಅರ್ಜಿ ಹಾಕುತ್ತಿರುವವರು "ಹಾಸನ, ಒಂದು ವಾರದೊಳಗೆ ಬೆಂಗಳೂರಿಗೆ ಬರಲು ಸಿದ್ಧ" ಎಂದು ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ, ಬರುತ್ತಾರೋ ಇಲ್ಲವೋ ಎಂಬ ಅನುಮಾನಕ್ಕೇ ಪಕ್ಕಕ್ಕಿಡುತ್ತಾರೆ.

ಅನುಭವದ ಸಾಲು ಬರೆಯುವಾಗ ಜವಾಬ್ದಾರಿ ಹೇಳಬೇಡಿ, ಮಾಡಿದ್ದು ಹೇಳಿ. "ಗ್ರಾಹಕರ ದೂರುಗಳನ್ನು ನಿರ್ವಹಿಸುತ್ತಿದ್ದೆ" ಎಂದರೆ ಏನೂ ತಿಳಿಯುವುದಿಲ್ಲ. "ದಿನಕ್ಕೆ 40 ಟಿಕೆಟ್, ಅದರಲ್ಲಿ ಬಿಲ್ಲಿಂಗ್ ದೂರುಗಳಿಗೆ ಸಿದ್ಧ ಉತ್ತರಗಳನ್ನು ಬರೆದಿಟ್ಟು ಒಂದೊಂದಕ್ಕೆ ಹಿಡಿಯುತ್ತಿದ್ದ 12 ನಿಮಿಷವನ್ನು 7ಕ್ಕೆ ಇಳಿಸಿದೆ" ಎಂದರೆ ಕೇಳಲು ಪ್ರಶ್ನೆ ಹುಟ್ಟುತ್ತದೆ. ಇಂಟರ್‌ವ್ಯೂನಲ್ಲಿ ನಿಮಗೆ ಬೇಕಾದ ಪ್ರಶ್ನೆ ಅವರ ಬಾಯಿಂದ ಬರಿಸುವ ಉಪಾಯವೇ ರೆಸ್ಯೂಮೆ. ಉತ್ತರ ಹೇಳಲಾಗದ ಒಂದು ಪದವೂ ಅದರಲ್ಲಿರಬಾರದು. ಒಂದು ಸಲ ಟ್ಯುಟೋರಿಯಲ್ ನೋಡಿದ್ದಕ್ಕೆ "ಕುಬರ್ನೆಟೀಸ್" ಎಂದು ಬರೆದವರು ಮೊದಲ ಹತ್ತು ನಿಮಿಷದಲ್ಲೇ ಸಿಕ್ಕಿಬೀಳುತ್ತಾರೆ, ಆಮೇಲೆ ನಿಜವಾಗಿ ಗೊತ್ತಿರುವುದನ್ನೂ ಅವರು ನಂಬುವುದಿಲ್ಲ.

ಫೈಲಿಗೆ ಹೆಸರು, ಹುದ್ದೆ, ಅನುಭವದ ವರ್ಷ ಸೇರಿಸಿ ಹೆಸರಿಡಿ. "ರೆಸ್ಯೂಮೆ ಫೈನಲ್ ನ್ಯೂ 3" ಎನ್ನುವ ಫೈಲ್ ಅವರ ಡೌನ್‌ಲೋಡ್ ಫೋಲ್ಡರಿನಲ್ಲಿ ಕಳೆದುಹೋಗುತ್ತದೆ.

ಎಲ್ಲಿ ಹಾಕುವುದು, ಯಾರ ಮೂಲಕ

ಪರಿಚಯದವರ ರೆಫರಲ್ (ಕಂಪನಿಯ ಒಳಗಿನವರ ಶಿಫಾರಸು) ಎಲ್ಲಕ್ಕಿಂತ ಬಲವಾದದ್ದು, ಆದರೆ ಅದಕ್ಕೊಂದು ಕ್ರಮವಿದೆ. ಎಷ್ಟೋ ಕಂಪನಿಗಳಲ್ಲಿ ನೀವು ನೇರವಾಗಿ ಅರ್ಜಿ ಹಾಕಿದ ಮೇಲೆ ಒಳಗಿನವರು ರೆಫರ್ ಮಾಡಿದರೆ ಸಿಸ್ಟಂ "ಈಗಾಗಲೇ ಇದೆ" ಎಂದು ತಳ್ಳಿಬಿಡುತ್ತದೆ. ಆದ್ದರಿಂದ ಮೊದಲು ಕೇಳಿ, ಆಮೇಲೆ ಅಪ್ಲೈ ಮಾಡಿ. ಕೇಳುವಾಗ "ಅಣ್ಣಾ, ಎಲ್ಲಾದ್ರೂ ಕೆಲಸ ಇದ್ರೆ ಹೇಳಿ" ಎಂದರೆ ಅಣ್ಣ ಪಾಪ ಏನು ಹುಡುಕಬೇಕು? ಆ ಕಂಪನಿಯ ಕೆರಿಯರ್ ಪುಟ ತೆರೆದು, ಹುದ್ದೆಯ ಐಡಿ ಹುಡುಕಿ, ರೆಸ್ಯೂಮೆ ಜೊತೆಗೆ "ಈ ಹುದ್ದೆಗೆ ನಾನು ಹೊಂದುವುದು ಈ ಎರಡು ಕಾರಣಕ್ಕೆ" ಎಂದು ಮೂರು ಸಾಲು ಬರೆದು ಕಳಿಸಿ. ಅವರು ಅದನ್ನೇ ಅಂಟಿಸಿ ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಆಯ್ಕೆಯಾದರೆ ರೆಫರ್ ಮಾಡಿದವರಿಗೂ ಬೋನಸ್ ಕೊಡುವ ಕಂಪನಿಗಳು ಬಹಳ, ಕೇಳಲು ಸಂಕೋಚ ಬೇಡ.

ನೌಕ್ರಿಯಲ್ಲಿ ರಿಕ್ರೂಟರ್‌ಗಳು ಹುಡುಕುವಾಗ ಇತ್ತೀಚೆಗೆ ಸಕ್ರಿಯರಾದವರನ್ನೇ ಮೊದಲು ಸೋಸುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಲಾಗಿನ್ ಆಗಿ ಹೆಡ್‌ಲೈನಿನಲ್ಲೋ ಕೌಶಲದಲ್ಲೋ ಒಂದು ಸಣ್ಣ ಬದಲಾವಣೆ ಮಾಡಿ ಉಳಿಸಿ. ನೋಟಿಸ್ ಪೀರಿಯಡ್ ಕಾಲಂ ಖಾಲಿ ಬಿಡಬೇಡಿ, ಮೊದಲ ಜರಡಿಯೇ ಅದು. 90 ದಿನದ ನೋಟಿಸ್ ಇರುವವರಿಗೆ ಕರೆ ಕಡಿಮೆ ಬರುವುದು ಸಹಜ. ರಾಜೀನಾಮೆ ಕೊಟ್ಟಾಗಿದ್ದರೆ ಕೊನೆಯ ಕೆಲಸದ ದಿನಾಂಕವನ್ನು ಹೆಡ್‌ಲೈನಿನಲ್ಲೇ ಹಾಕಿ.

ಕನ್ಸಲ್ಟೆನ್ಸಿ ಮೂಲಕ ಹೋಗುವಾಗ ಎರಡು ಪ್ರಶ್ನೆ ಕೇಳದೆ ರೆಸ್ಯೂಮೆ ಕೊಡಬೇಡಿ: ಯಾವ ಕಂಪನಿಗೆ, ಮತ್ತು ಸಂಬಳ ಕೊಡುವುದು ಯಾರು, ಅಂದರೆ ಯಾರ ಪೇರೋಲ್‌ನಲ್ಲಿ. ಇಬ್ಬರು ಕನ್ಸಲ್ಟೆಂಟರು ಒಂದೇ ಕಂಪನಿಗೆ ನಿಮ್ಮನ್ನು ಕಳಿಸಿದರೆ ಅವರಿಬ್ಬರ ಜಗಳದಲ್ಲಿ ನಿಮ್ಮ ಅರ್ಜಿ ಮೂಲೆಗೆ ಬೀಳುತ್ತದೆ. ದೊಡ್ಡ ಹೆಸರಿನ ಕಂಪನಿಯಲ್ಲಿ ಕೆಲಸ ಎಂದು ಹೇಳಿ, ಸೇರುವಾಗ ಥರ್ಡ್ ಪಾರ್ಟಿ ಪೇರೋಲ್, 11 ತಿಂಗಳ ಕಾಂಟ್ರ್ಯಾಕ್ಟ್ ಎಂದು ತಿಳಿದು ಬೆಪ್ಪಾಗುವುದು ಮಾಮೂಲು. ಕಾಂಟ್ರ್ಯಾಕ್ಟ್ ಕೆಟ್ಟದ್ದೆಂದಲ್ಲ, ಗೊತ್ತಿದ್ದು ಒಪ್ಪಬೇಕು.

ಸರ್ಕಾರದ ಕಡೆಯಿಂದ ಸ್ಕಿಲ್ ಕನೆಕ್ಟ್ ಪೋರ್ಟಲ್, ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಇವೆ. ಉದ್ಯೋಗ ಮೇಳಗಳ ಸುದ್ದಿಗೆ ಇವೆರಡರಲ್ಲೂ ನೋಂದಾಯಿಸಿಕೊಳ್ಳಿ. ಪದವಿ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ಯುವನಿಧಿ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಎರಡು ವರ್ಷದವರೆಗೆ ಇದೆ, ಅರ್ಜಿ ಸೇವಾಸಿಂಧು ಮೂಲಕ. ನೀವು ಮುಗಿಸಿದ ವರ್ಷಕ್ಕೆ ಅನ್ವಯಿಸುತ್ತದೆಯೇ ಎಂದು ಅಲ್ಲೇ ನೋಡಿ. ಪಿಜಿ ಬಾಡಿಗೆಯ ಒಂದು ಪಾಲಾದರೂ ಆದೀತು.

ಇನ್ನು ದುಡ್ಡು ಕೇಳುವವರು. ರಿಜಿಸ್ಟ್ರೇಷನ್, ಟ್ರೈನಿಂಗ್ ಡೆಪಾಸಿಟ್, ಲ್ಯಾಪ್‌ಟಾಪ್ ಕೊರಿಯರ್ ಚಾರ್ಜ್, ಯೂನಿಫಾರಂ, ಹೆಸರೇನಾದರೂ ಇಟ್ಟುಕೊಂಡಿರಲಿ, ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳಿದರೆ ಅದು ಕೆಲಸವಲ್ಲ. ಇಂಟರ್‌ವ್ಯೂ ಇಲ್ಲದೆ ಆಫರ್ ಲೆಟರ್, ಜಿಮೇಲ್ ವಿಳಾಸದಿಂದ ಬರುವ ಕಂಪನಿ ಪತ್ರ, ಟೆಲಿಗ್ರಾಂನಲ್ಲಿ ರಿವ್ಯೂ ಬರೆದರೆ ಹಣ ಎಂಬ ಆಮಿಷ, ಎಲ್ಲ ಅದೇ ಜಾತಿ. ಹಣ ಹೋಗಿಬಿಟ್ಟಿದ್ದರೆ ಸುಮ್ಮನೆ ಕೊರಗದೆ ಕೂಡಲೇ 1930ಕ್ಕೆ ಫೋನ್ ಮಾಡಿ; ಬೇಗ ಹೇಳಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. "ಮೂರು ವರ್ಷದ ಅನುಭವದ ಪ್ರಮಾಣಪತ್ರ ಮಾಡಿಸಿಕೊಡ್ತೀವಿ" ಎನ್ನುವ ಟ್ರೈನಿಂಗ್ ಸೆಂಟರುಗಳ ವಿಷಯವೂ ಇಲ್ಲೇ ಹೇಳಿಬಿಡೋಣ. ಪರಿಶೀಲನೆಯವರು ಪಿಎಫ್ ದಾಖಲೆ ತೆಗೆದು ನೋಡುತ್ತಾರೆ. ಮೂರು ವರ್ಷ ಕೆಲಸ, ಒಂದು ತಿಂಗಳ ಪಿಎಫ್ ಕೂಡ ಇಲ್ಲ ಎಂದರೆ ಕಥೆ ಅಲ್ಲಿಗೆ ಮುಗಿಯಿತು, ಸೇರಿ ಆರು ತಿಂಗಳಾಗಿದ್ದರೂ.

ಐದು ನಿಮಿಷದ ಆ ಫೋನ್

ಎಚ್‌ಆರ್ ಕಡೆಯಿಂದ ಬರುವ ಮೊದಲ ಕರೆಯನ್ನು ಇಂಟರ್‌ವ್ಯೂ ಎಂದು ಯಾರೂ ಎಣಿಸುವುದಿಲ್ಲ. ಅಲ್ಲೇ ಅರ್ಧ ಜನ ಉದುರುತ್ತಾರೆ. ಆ ಕಡೆ ಕೂತವರ ಮುಂದೆ ಒಂದು ಶೀಟ್ ಇರುತ್ತದೆ: ಒಟ್ಟು ಅನುಭವ, ಆ ಹುದ್ದೆಗೆ ಬೇಕಾದ ಅನುಭವ, ಈಗಿನ ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು), ನಿರೀಕ್ಷೆ, ನೋಟಿಸ್ ಪೀರಿಯಡ್, ಎಲ್ಲಿರುತ್ತೀರಿ, ಯಾಕೆ ಬಿಡುತ್ತಿದ್ದೀರಿ. ಏಳಕ್ಕೂ ಒಂದೊಂದು ಸಾಲಿನ ಉತ್ತರ ಬರೆದು ಫೋನಿನ ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ. ಬಸ್ಸಿನಲ್ಲಿದ್ದರೆ "ಹದಿನೈದು ನಿಮಿಷ ಬಿಟ್ಟು ನಾನೇ ಮಾಡಲೇ?" ಎಂದು ಕೇಳಿ, ಹೇಳಿದ ಹೊತ್ತಿಗೆ ಸರಿಯಾಗಿ ಮಾಡಿ. 500ಡಿ ಬಸ್ಸಿನ ಗದ್ದಲದಲ್ಲಿ ಸಿಟಿಸಿ ಕೂಗಿ ಹೇಳುವುದಕ್ಕಿಂತ ಅದು ವಾಸಿ.

ಹುಡುಕುತ್ತಿರುವಷ್ಟು ದಿನ ಗೊತ್ತಿಲ್ಲದ ನಂಬರನ್ನು ಕಟ್ ಮಾಡಬೇಡಿ. ಟ್ರೂಕಾಲರ್‌ನಲ್ಲಿ ನಿಮ್ಮ ಹೆಸರು ಏನೆಂದು ಬರುತ್ತದೆ ಎಂದು ಗೆಳೆಯರ ಫೋನಿನಲ್ಲಿ ಒಮ್ಮೆ ನೋಡಿ. "ಚಿನ್ನು ಬಾವ ಟಿವಿಎಸ್" ಎಂದಿದ್ದರೆ ಸರಿಪಡಿಸಿ.

ಜಾಗದ ವಿಷಯದಲ್ಲಿ ನಿಜ ಹೇಳಿ. ರಾಜರಾಜೇಶ್ವರಿ ನಗರದಿಂದ ವೈಟ್‌ಫೀಲ್ಡಿಗೆ ದಿನಾ ಬರ್ತೀರಾ ಎಂದರೆ ಸುಮ್ಮನೆ "ಹ್ಞೂ" ಎಂದರೆ ಅವರು ನಂಬುವುದಿಲ್ಲ. "ನೇರಳೆ ಮಾರ್ಗದ ಮೆಟ್ರೊ ನೇರವಾಗಿ ಹೋಗುತ್ತದೆ, ಪಟ್ಟಂದೂರು ಅಗ್ರಹಾರದಲ್ಲಿ ಇಳಿಯುತ್ತೇನೆ" ಎಂದರೆ ಯೋಚಿಸಿ ಹೇಳಿದ್ದಾರೆ ಅನಿಸುತ್ತದೆ. ಜಯನಗರ, ಬನಶಂಕರಿ ಕಡೆಯವರಿಗೆ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಿಂದ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ ಹತ್ತಿರವಾಗಿವೆ. ಮೊದಲು ಬೇಡವೆಂದು ಬಿಟ್ಟಿದ್ದ ಹುದ್ದೆಗಳನ್ನು ಮತ್ತೆ ನೋಡಬಹುದು.

ಇಂಟರ್‌ವ್ಯೂ

ತಯಾರಿಯ ಹೆಚ್ಚು ಪಾಲು ಎರಡು ಕಡೆ ಹೋಗಲಿ: ತೊಂಬತ್ತು ಸೆಕೆಂಡಿನ ಪರಿಚಯ, ಮತ್ತು ನೀವು ಮಾಡಿದ ಐದು ಕೆಲಸಗಳ ವಿವರ.

ಪರಿಚಯವನ್ನು "ಮೈಸೆಲ್ಫ್ ಮಂಜುನಾಥ" ಎಂದು ಶುರುಮಾಡಿ, "ಮೈ ಫಾದರ್ ಈಸ್ ಅಗ್ರಿಕಲ್ಚರಿಸ್ಟ್, ಮೈ ಮದರ್ ಈಸ್ ಹೌಸ್‌ವೈಫ್" ಎಂದು ಮುಗಿಸುವುದು ಕಾಲೇಜಿನ ಸಾಫ್ಟ್ ಸ್ಕಿಲ್ ತರಗತಿಗಳ ಬಳುವಳಿ. ಅಪ್ಪ ಅಮ್ಮ ಏನು ಮಾಡುತ್ತಾರೆ ಎಂದು ಅವರು ಕೇಳಿಲ್ಲ. ಈಗ ಏನು ಮಾಡುತ್ತಿದ್ದೀರಿ, ಅದರಲ್ಲಿ ಈ ಹುದ್ದೆಗೆ ಸಂಬಂಧಪಟ್ಟದ್ದು ಯಾವುದು, ಯಾಕೆ ಬಂದಿದ್ದೀರಿ, ಇಷ್ಟೇ. ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲು ಇದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ, ರೆಕಾರ್ಡ್ ಮಾಡಿ ಕೇಳಿ. ವಿಷಯ ಸರಿಯಾದ ಮೇಲೆ ಸಣ್ಣ ಸಣ್ಣ ವಾಕ್ಯಗಳ ಇಂಗ್ಲಿಷಿಗೆ ತನ್ನಿ. ಇಂಗ್ಲಿಷಿನಲ್ಲೇ ಬರೆದು ಉರುಹೊಡೆದರೆ ಮಧ್ಯೆ ಒಂದು ಪದ ಮರೆತಾಗ ಇಡೀ ಸೌಧ ಕುಸಿಯುತ್ತದೆ. ಪ್ರಶ್ನೆ ಅರ್ಥವಾಗದಿದ್ದರೆ "ಕುಡ್ ಯು ಪ್ಲೀಸ್ ರಿಪೀಟ್ ದಟ್" ಎನ್ನುವುದಕ್ಕೆ ಅಂಕ ಕಳೆಯುವುದಿಲ್ಲ. ಅರ್ಥವಾಗದೆ ಬೇರೆ ಪ್ರಶ್ನೆಗೆ ಉತ್ತರ ಹೇಳಿದರೆ ಕಳೆಯುತ್ತಾರೆ.

ಐದು ಕೆಲಸಗಳ ವಿವರ ಹೀಗೆ ಬರೆಯಿರಿ: ಪರಿಸ್ಥಿತಿ ಏನಿತ್ತು, ಅದರಲ್ಲಿ ನಿಮ್ಮ ಪಾಲಿಗೆ ಬಂದದ್ದೇನು, ನೀವು ಮಾಡಿದ್ದೇನು, ಕೊನೆಗೆ ಆದದ್ದೇನು. ಒಂದು ಯಶಸ್ಸು, ಒಂದು ಸೋಲು, ಸಹೋದ್ಯೋಗಿಯ ಜೊತೆ ಭಿನ್ನಾಭಿಪ್ರಾಯವಾದದ್ದು ಒಂದು, ಗಡುವು ತಪ್ಪಿದ್ದು ಒಂದು, ತಾನಾಗಿ ಕಲಿತದ್ದು ಒಂದು. ಎಚ್‌ಆರ್ ಮತ್ತು ಮ್ಯಾನೇಜರ್ ಸುತ್ತಿನ ಹೆಚ್ಚಿನ ಪ್ರಶ್ನೆಗಳು ಈ ಐದರಲ್ಲಿ ಒಂದಕ್ಕೆ ಹೊಂದುತ್ತವೆ. ಫ್ರೆಶರ್‌ಗಳಿಗೆ ಕಾಲೇಜ್ ಪ್ರಾಜೆಕ್ಟ್ ಸಾಕು, ಆದರೆ ಅದನ್ನು ನೀವೇ ಮಾಡಿರಬೇಕು. ಅಂಗಡಿಯಿಂದ ತಂದ ಪ್ರಾಜೆಕ್ಟಿನ ಮೇಲೆ ಮೂರನೇ ಪ್ರಶ್ನೆಗೆ ನಿಲ್ಲಲಾಗುವುದಿಲ್ಲ.

ಇಲ್ಲಿ ನಮ್ಮವರ ಒಂದು ಗುಣವೇ ತೊಡಕು. ಮಾಡಿದ್ದನ್ನು "ನಾನು ಮಾಡಿದೆ" ಎನ್ನಲು ನಾಲಿಗೆ ಹಿಂಜರಿಯುತ್ತದೆ, "ನಾವು ಮಾಡಿದ್ವಿ" ಎನ್ನುತ್ತೇವೆ. ಮನೆಯಲ್ಲಿ ಅದು ಸಭ್ಯತೆ. ಇಂಟರ್‌ವ್ಯೂ ಮಾಡುವವರು ಕೊನೆಗೆ ಒಂದು ಫಾರಂ ತುಂಬಬೇಕು, ಅದರಲ್ಲಿ ಅಭ್ಯರ್ಥಿ ಮಾಡಿದ್ದೇನು ಎಂದು ಬರೆಯಬೇಕು. ಪೂರ್ತಿ "ನಾವು" ಕೇಳಿದವರು ಖಾಲಿ ಬಿಡುತ್ತಾರೆ. "ನಾಲ್ವರ ತಂಡ, ಅದರಲ್ಲಿ ಡೇಟಾಬೇಸ್ ಭಾಗ ನನ್ನದು" ಎಂದರೆ ಜಂಬವೂ ಅಲ್ಲ, ಸುಳ್ಳೂ ಅಲ್ಲ.

ಕೆಎಎಸ್, ಪಿಎಸ್‌ಐ ಪರೀಕ್ಷೆಗೆಂದು ವಿಜಯನಗರದ ಕಡೆ ರೂಮು ಮಾಡಿ ಎರಡು ವರ್ಷ ಓದಿದವರು ಆ ಎರಡು ವರ್ಷವನ್ನು ಹೇಗೆ ಮುಚ್ಚುವುದೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಮುಚ್ಚಬೇಡಿ. ರೆಸ್ಯೂಮೆಯಲ್ಲಿ ತಿಂಗಳು, ವರ್ಷ ಸಮೇತ ಒಂದು ಸಾಲು: ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿ. ಕೇಳಿದರೆ ಎರಡು ವಾಕ್ಯ. ಅವರಿಗೆ ನಿಜವಾಗಿ ಬೇಕಿರುವುದು ಮುಂದಿನ ನೋಟಿಫಿಕೇಷನ್ ಬಂದರೆ ಬಿಟ್ಟು ಹೋಗುತ್ತೀರಾ ಎಂಬುದಕ್ಕೆ ಉತ್ತರ. ಅದಕ್ಕೆ ಬಾಯಿಮಾತಿನ ಭರವಸೆಗಿಂತ ಕಳೆದ ಎರಡು ತಿಂಗಳಲ್ಲಿ ಈ ಕೆಲಸಕ್ಕೆಂದು ಏನು ಕಲಿತಿರಿ ಎಂಬುದನ್ನು ತೋರಿಸುವುದು ವಾಸಿ.

ಆನ್‌ಲೈನ್ ಇಂಟರ್‌ವ್ಯೂ ಆದರೆ ಹಿಂದಿನ ದಿನವೇ ಅದೇ ಲ್ಯಾಪ್‌ಟಾಪ್, ಅದೇ ಹೆಡ್‌ಸೆಟ್‌ನಲ್ಲಿ ಗೆಳೆಯರೊಬ್ಬರಿಗೆ ಕರೆ ಮಾಡಿ ನೋಡಿ. ಬೆಳಕು ಮುಖದ ಮೇಲಿರಲಿ, ಬೆನ್ನ ಹಿಂದೆ ಕಿಟಕಿ ಬೇಡ. ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ, ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪನ್ನು ಮೊದಲೇ ಒಮ್ಮೆ ಜೋಡಿಸಿಟ್ಟಿರಿ. ಸ್ಕ್ರೀನ್ ಶೇರ್ ಮಾಡುವ ಮೊದಲು ವಾಟ್ಸಾಪ್ ವೆಬ್ ಮುಚ್ಚಿ. ಪಕ್ಕದ ಪರದೆಯಲ್ಲಿ ಚಾಟ್‌ಜಿಪಿಟಿ ತೆರೆದು ಓದಿ ಹೇಳಬಹುದೆಂಬ ಆಸೆ ಬೇಡ. ಪ್ರಶ್ನೆ ಕೇಳಿ ಎಂಟು ಸೆಕೆಂಡು ಮೌನ, ಆಮೇಲೆ ಕಣ್ಣು ಎಡದಿಂದ ಬಲಕ್ಕೆ ಹರಿಯುತ್ತ ನಿರರ್ಗಳ ಉತ್ತರ. ದಿನಕ್ಕೆ ನಾಲ್ಕು ಇಂಟರ್‌ವ್ಯೂ ಮಾಡುವವರಿಗೆ ಇದು ಮೊದಲ ಸಲಕ್ಕೇ ತಿಳಿಯುತ್ತದೆ.

ನೇರವಾಗಿ ಹೋಗುವುದಾದರೆ, ಗೂಗಲ್ ಮ್ಯಾಪ್ ಹೇಳುವ ಸಮಯ ಗೇಟಿನವರೆಗಿನದು. ಮಾನ್ಯತಾ ಟೆಕ್ ಪಾರ್ಕಿನಂಥ ಕಡೆ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ, ಲ್ಯಾಪ್‌ಟಾಪ್ ನಂಬರ್ ಬರೆಸಿ, ಸರಿಯಾದ ಕಟ್ಟಡ ಹುಡುಕಿ, ಲಿಫ್ಟಿನ ಸಾಲು ದಾಟುವುದಕ್ಕೆ ಅರ್ಧ ಗಂಟೆ ಬೇರೆಯಾಗಿ ಇಟ್ಟುಕೊಳ್ಳಿ. ಸಿಲ್ಕ್ ಬೋರ್ಡ್, ಹೆಬ್ಬಾಳ ದಾಟಬೇಕಾದವರು ಇನ್ನೂ ಸ್ವಲ್ಪ ಹೆಚ್ಚು. ಆದರೂ ತಡವಾಗುತ್ತದೆ ಎಂದು ಗೊತ್ತಾದರೆ ಹೇಳಿದ ಸಮಯಕ್ಕೆ ಇಪ್ಪತ್ತು ನಿಮಿಷ ಮೊದಲೇ ಫೋನ್ ಮಾಡಿ, ಮೀರಿದ ಮೇಲಲ್ಲ.

ಪೀಣ್ಯ, ಬೊಮ್ಮಸಂದ್ರದ ಕಡೆ ಹೋಗುವವರಿಗೆ

ಐಟಿಐ, ಡಿಪ್ಲೊಮಾ ಮಾಡಿದವರ ಹುಡುಕಾಟ ಬೇರೆಯೇ. ಪೀಣ್ಯ, ಜಿಗಣಿ, ಬೊಮ್ಮಸಂದ್ರದ ಸಣ್ಣ ಕಾರ್ಖಾನೆಗಳಲ್ಲಿ ಎಷ್ಟೋ ಹುದ್ದೆಗಳು ನೌಕ್ರಿಯ ಮುಖವನ್ನೇ ನೋಡುವುದಿಲ್ಲ, ಗೇಟಿನ ಮೇಲೊಂದು "ಬೇಕಾಗಿದ್ದಾರೆ" ಬೋರ್ಡ್ ಅಷ್ಟೇ. ಹಸಿರು ಮಾರ್ಗದ ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದು ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಒಂದೊಂದೇ ರಸ್ತೆ ಮುಗಿಸಿ. ಐದಾರು ರೆಸ್ಯೂಮೆ ಪ್ರತಿ, ಎರಡು ಫೋಟೊ, ಅಂಕಪಟ್ಟಿಯ ಜೆರಾಕ್ಸ್ ಕೈಯಲ್ಲಿರಲಿ.

ಇಲ್ಲಿ ಮಾತಿಗಿಂತ ಟ್ರಯಲ್ ಮುಖ್ಯ. ಡ್ರಾಯಿಂಗ್ ಕೊಟ್ಟು ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎಂಬುದು) ಓದಿಸುತ್ತಾರೆ, ವರ್ನಿಯರ್ ಕೊಟ್ಟು ಅಳೆಸುತ್ತಾರೆ. ವರ್ನಿಯರ್ ಲೀಸ್ಟ್ ಕೌಂಟ್ (ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ) ಸಾಮಾನ್ಯವಾಗಿ 0.02 ಮಿ.ಮೀ., ಮೈಕ್ರೊಮೀಟರಿನದು 0.01 ಮಿ.ಮೀ.; ಅಳೆಯುವ ಮೊದಲು ಝೀರೊ ಎರರ್ ನೋಡದವರನ್ನು ಅಲ್ಲೇ ಗುರುತಿಸುತ್ತಾರೆ. ಸಿಎನ್‌ಸಿ ಎಂದು ಬರೆದುಕೊಂಡಿದ್ದರೆ ಯಂತ್ರ ನಡೆಸುವ ಆಪರೇಟರೋ, ಅದನ್ನು ಹೊಂದಿಸಿಕೊಡುವ ಸೆಟ್ಟರೋ ಎಂಬುದು ಸ್ಪಷ್ಟವಿರಲಿ. ಟೂಲ್ ಆಫ್‌ಸೆಟ್ ಕೊಡಲು ಬಾರದೆ ಸೆಟ್ಟರ್ ಎಂದರೆ ಮೊದಲ ಪಾಳಿಯಲ್ಲೇ ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಮುರಿದು ಗೊತ್ತಾಗುತ್ತದೆ.

ಸೇರುವ ಮೊದಲು ಕೇಳಬೇಕಾದ್ದು: ಪಿಎಫ್, ಇಎಸ್‌ಐ ಮೊದಲ ತಿಂಗಳಿಂದಲೇ ಇದೆಯೇ, ಪಾಳಿ ಎಷ್ಟು ದಿನಕ್ಕೆ ಬದಲು, ಓವರ್‌ಟೈಮ್ ದುಪ್ಪಟ್ಟೋ ಒಂಟಿಯೋ. ಕಾರ್ಖಾನೆಗಳಲ್ಲಿ ಓವರ್‌ಟೈಮಿಗೆ ದುಪ್ಪಟ್ಟು ದರ ಕಾನೂನಿನಲ್ಲೇ ಇದೆ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದವರಿಗೆ ಇಎಸ್‌ಐ ಅನ್ವಯಿಸುತ್ತದೆ. ನಿಮ್ಮಿಂದ ಕಡಿತವಾಗುವುದು ಶೇ. 0.75 ಮಾತ್ರ.

ಸಿಟಿಸಿ ಎಂಬ ಸಂಖ್ಯೆ

ಆರು ಲಕ್ಷದ ಆಫರ್ ಎಂದರೆ ತಿಂಗಳಿಗೆ 50,000 ಎಂದುಕೊಂಡು ಮನೆ ಬಾಡಿಗೆ ಲೆಕ್ಕ ಹಾಕಬೇಡಿ. ಒಂದು ಉದಾಹರಣೆ ಬಿಡಿಸಿ ನೋಡೋಣ. ಬೇಸಿಕ್, ಅಂದರೆ ಮೂಲ ವೇತನ, ತಿಂಗಳಿಗೆ 25,000. ಶೇ. 10 ವೇರಿಯಬಲ್ (ಸಾಧನೆ ನೋಡಿ ಕೊಡುವ ಪಾಲು) ಎಂದರೆ ತಿಂಗಳಿಗೆ 5,000, ಅದು ವರ್ಷದ ಕೊನೆಗೆ, ಅದೂ ಪೂರ್ತಿ ಬಂದರೆ. ಕಂಪನಿಯ ಪಾಲಿನ ಪಿಎಫ್ ಬೇಸಿಕ್‌ನ ಶೇ. 12, ಅಂದರೆ 3,000. ಗ್ರಾಚ್ಯುಟಿಯೆಂದು ಶೇ. 4.81, ಸುಮಾರು 1,200. ಆರೋಗ್ಯ ವಿಮೆಗೆ 500 ಎಂದಿಟ್ಟುಕೊಳ್ಳಿ. ಇವೆಲ್ಲ ಸಿಟಿಸಿಯೊಳಗೇ. ಉಳಿದದ್ದು 40,300. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 37,100. ಹೊಸ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. ಬೇಸಿಕ್ ಎಷ್ಟಿದ್ದರೂ 15,000ಕ್ಕೆ ಮಾತ್ರ ಪಿಎಫ್ ಲೆಕ್ಕ ಹಾಕಿ 1,800ಕ್ಕೆ ನಿಲ್ಲಿಸುವ ಕಂಪನಿಯಾದರೆ ಕೈಗೆ ಸ್ವಲ್ಪ ಹೆಚ್ಚು, ಉಳಿತಾಯ ಸ್ವಲ್ಪ ಕಡಿಮೆ.

ಆದ್ದರಿಂದ ಆಫರ್ ಹೋಲಿಸುವಾಗ ಯಾವುದಕ್ಕೆ ಎಷ್ಟು ಎಂಬ ಬ್ರೇಕಪ್ ಕೇಳಿ, ವೇರಿಯಬಲ್ ತೆಗೆದ ಸಂಖ್ಯೆಯನ್ನು ಹೋಲಿಸಿ. ಜಾಯಿನಿಂಗ್ ಬೋನಸ್ ಇದ್ದರೆ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಎಂಬ ಸಾಲನ್ನು ಹುಡುಕಿ ಓದಿ.

ನಿರೀಕ್ಷೆ ಎಷ್ಟು ಎಂದಾಗ ಮೊದಲು "ಈ ಹುದ್ದೆಗೆ ಇಟ್ಟಿರುವ ರೇಂಜ್ ತಿಳಿಸಬಹುದೇ?" ಎಂದು ಕೇಳಿ. ಹೇಳದಿದ್ದರೆ ನೀವೇ ಒಂದು ಸಂಖ್ಯೆ ಹೇಳಿ, ಹೇಳಿ ಸುಮ್ಮನಾಗಿ. "ಕಂಪನಿಯ ನಿಯಮದ ಪ್ರಕಾರ ಎಷ್ಟಾದ್ರೂ ಕೊಡಿ" ಎಂದವರಿಗೆ ನಿಯಮದ ಕೆಳತುದಿಯೇ ಸಿಗುವುದು. ಈಗಿನ ಸಂಬಳವನ್ನು ಹೆಚ್ಚಿಸಿ ಹೇಳಬೇಡಿ, ಪೇ ಸ್ಲಿಪ್ ಕೇಳಿಯೇ ಕೇಳುತ್ತಾರೆ.

ಆಫರ್ ಬಂದಮೇಲೆ

ಫೋನಿನಲ್ಲಿ "ಸೆಲೆಕ್ಟ್ ಆಗಿದೀರ" ಎಂದ ದಿನ ರಾಜೀನಾಮೆ ಕೊಡಬೇಡಿ. ಸಂಬಳ, ಹುದ್ದೆ, ಸೇರುವ ದಿನ ಇರುವ ಪತ್ರ ಕಂಪನಿಯ ಮೇಲ್‌ನಿಂದ ಬರಲಿ. ಹಳೆಯ ಕಡೆ ನೋಟಿಸ್ ಕಡಿಮೆ ಮಾಡಿಸಿಕೊಳ್ಳುವ ಮಾತಿದ್ದರೆ ಬಾಯಿಮಾತು ಸಾಲದು, ಮೇಲ್‌ನಲ್ಲಿ ಒಪ್ಪಿಗೆ ಬೇಕು. ಮೂಲ ಅಂಕಪಟ್ಟಿಗಳನ್ನು ತೋರಿಸಿ, ಒತ್ತೆ ಇಟ್ಟು ಬರಬೇಡಿ. ಬಾಂಡ್ ಇದ್ದರೆ ಎಷ್ಟು ತಿಂಗಳು, ಎಷ್ಟು ಮೊತ್ತ, ಕಂಪನಿಯೇ ತೆಗೆದುಹಾಕಿದರೆ ಏನು, ಈ ಮೂರನ್ನೂ ಸಹಿಗೆ ಮುಂಚೆ ಓದಿ.

ಹಳೆಯ ಕಂಪನಿಯ ಕೊನೆಯ ದಿನಕ್ಕೂ ಹೊಸ ಕಂಪನಿಯ ಮೊದಲ ದಿನಕ್ಕೂ ನಡುವೆ ಒಂದು ದಿನವಾದರೂ ಅಂತರವಿರಲಿ. ದಿನಾಂಕ ಒಂದರ ಮೇಲೊಂದು ಬಿದ್ದರೆ ಪಿಎಫ್ ದಾಖಲೆಯಲ್ಲಿ ಒಟ್ಟಿಗೆ ಎರಡು ಕೆಲಸ ಮಾಡಿದಂತೆ ಕಾಣುತ್ತದೆ, ಅದಕ್ಕೆ ವಿವರಣೆ ಕೊಡುತ್ತ ಕೂರಬೇಕು. ಹೊಸ ಕಡೆ ಹಳೆಯ ಯುಎಎನ್ ನಂಬರನ್ನೇ ಕೊಡಿ. ಪಿಎಫ್ ಹಣ ತೆಗೆಯದೆ ವರ್ಗಾಯಿಸಿಕೊಳ್ಳಿ. ಹಳೆಯ ಕಂಪನಿಯ ಸಂಬಳ ಮತ್ತು ಕಡಿತವಾದ ತೆರಿಗೆಯ ವಿವರವನ್ನು ಹೊಸ ಕಂಪನಿಗೆ ಕೊಡದಿದ್ದರೆ ಇಬ್ಬರೂ ಬೇರೆ ಬೇರೆಯಾಗಿ ವಿನಾಯಿತಿ ಲೆಕ್ಕ ಹಾಕಿ ಅದು ಎರಡು ಸಲ ಸಿಕ್ಕಂತಾಗುತ್ತದೆ, ರಿಟರ್ನ್ ಸಲ್ಲಿಸುವಾಗ ಬಾಕಿ ನಿಮ್ಮ ತಲೆಗೆ ಬರುತ್ತದೆ.

ಬಿಟ್ಟು ಎರಡು ತಿಂಗಳಾದ ಮೇಲೆ ಒಮ್ಮೆ ಪಿಎಫ್ ಪೋರ್ಟಲ್‌ಗೆ ಹೋಗಿ ಸರ್ವಿಸ್ ಹಿಸ್ಟರಿ ನೋಡಿ. ಹಳೆಯ ಕಂಪನಿಯವರು ನಿರ್ಗಮನ ದಿನಾಂಕ ಹಾಕಿಲ್ಲದಿದ್ದರೆ "ಮಾರ್ಕ್ ಎಕ್ಸಿಟ್" ಎಂಬಲ್ಲಿ ಆಧಾರ್ ಒಟಿಪಿ ಕೊಟ್ಟು ನೀವೇ ಹಾಕಬಹುದು. ರಿಲೀವಿಂಗ್ ಲೆಟರಿನಲ್ಲಿ ಇರುವ ದಿನಾಂಕವನ್ನೇ ಹಾಕಿ.